ಪಾರಿವಾಳದ ಪಾರ್ಟಿ

ಊರಿಗೆ ಊರೇ ಲಾರಿ ಕೊಳ್ಳುವ ಮಾತಾಡುತ್ತಿದ್ದ ಕಾಲದಲ್ಲಿ ಪುಸ್ತಕ ಬರೆಯುವ ಮಾತಾಡಿದವನು ಹೊಸಪೇಟೆಗೆಲ್ಲ ಆಶೀರ್ವಾದಪ್ಪನೊಬ್ಬನೇ. ಅದಿರಿಗೆ ಬಂಗಾರದ ಬೆಲೆ ಬಂದಿದ್ದ ದಿನಗಳು ಅವು. ಹಾಲಿನವನು ಎಮ್ಮೆ ಮಾರಿ ಟಿಪ್ಪರಿಗೆ ಮುಂಗಡ ಕೊಟ್ಟಿದ್ದ. ಕ್ಷೌರದಂಗಡಿಯವನು ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಸಂಡೂರಿನ ಗುಡ್ಡಕ್ಕೆ ಓಡಿದ್ದನಂತೆ. ಆ ಗಿರಾಕಿ ಯಾರೆಂದು ಕೇಳಿದರೆ ಮಾತ್ರ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ಇಂಥ ಹೊತ್ತಿನಲ್ಲಿ ನಮ್ಮ ಆಶೀರ್ವಾದಪ್ಪ ಪ್ರಾರ್ಥನೆ ಬರೆಯುತ್ತ ಕೂತಿದ್ದ. ಅವನು ಮರಿಯಮ್ಮನಹಳ್ಳಿ ರಸ್ತೆಯ ಲಾರಿ ಕಾಟಾದಲ್ಲಿ ತುಂಬಿದ ಲಾರಿಗಳ ತೂಕ ಬರೆಯುವ ಗುಮಾಸ್ತ. ದಿನವಿಡೀ ಐಶ್ವರ್ಯ ಕಣ್ಣೆದುರಿಗೇ ಉರುಳಿ ಹೋಗುತ್ತಿತ್ತು, ಅವನು ಅದರ ತೂಕ ಬರೆದು ಕಳಿಸುತ್ತಿದ್ದ.

ಇದಕ್ಕೆಲ್ಲ ಮೂಲ ಅವನ ಮನೆಯಿದ್ದ ಚಿತ್ತವಾಡ್ಗಿಯ ನಳ. ಒಂದು ಬೆಳಿಗ್ಗೆ ಕೊಡಗಳ ಸಾಲಿನಲ್ಲಿ ನಿಂತು ನಿಂತು ಸಾಕಾಗಿ ಆಶೀರ್ವಾದಪ್ಪ ಕಣ್ಣು ಮುಚ್ಚಿ ತನ್ನಷ್ಟಕ್ಕೆ ಗೊಣಗಿದ: "ಅಪ್ಪಾ, ನಳದಾಗ ಬರೀ ಗಾಳಿ ಬರಾಕತ್ತೈತಿ. ಡ್ಯಾಮ್ ತುಂಬೈತಿ ಅಂತ ಪೇಪರ್‌ನಾಗ ಬರದಾರ. ಡ್ಯಾಮಿನ ದಂಡಿಗೆ ಕುಂತು ನೀರಡಿಸಿ ಸಾಯೋದು ನಮಗೂ ಮರ್ಯಾದಿ ಅಲ್ಲ, ನಿನಗೂ ಅಲ್ಲ. ಆಮೇನ್."

ಹಿಂದೆ ನಿಂತಿದ್ದ ಪಕ್ಕದ ಮನೆಯ ಸರಸ್ವತೀಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಡಿ, ಮೈಲಿಗೆ, ಏಕಾದಶಿ ಎಲ್ಲ ಕಟ್ಟುನಿಟ್ಟಾಗಿ ನಡೆಸುವ ಹೆಂಗಸು. "ಆಶೀರ್ವಾದಪ್ಪ, ನಿಮ್ಮ ದೇವರಿಗೆ ಹಿಂಗೂ ಹೇಳಬಹುದೇನು? ಭಾಳ ಚಂದ ಅದ. ಇದನ್ನ ಬರೆದಿಡ್ರಿ."

ನೀರು ಆ ದಿನ ಬರಲಿಲ್ಲ. ಆದರೆ ಹೊಗಳಿಕೆ ಬಂತು. ಹೊಗಳಿಕೆ ಕುಡಿದ ಮನುಷ್ಯನಿಗೆ ನೀರು ಯಾಕೆ ಬೇಕು? ಆಶೀರ್ವಾದಪ್ಪ ಖಾಲಿ ಕೊಡ ಹೊತ್ತುಕೊಂಡು ಲೇಖಕನಾಗಿ ಮನೆಗೆ ಬಂದ.

ಅಂದಿನಿಂದ ಶುರುವಾಯಿತು. ಅದಿರಿನ ಲಾರಿಯ ಹಿಂದೆ ಬೈಕಿನಲ್ಲಿ ಹೋಗುವಾಗ ಮಾಡುವ ಪ್ರಾರ್ಥನೆ. ಡಬ್ಬಿಯಲ್ಲಿ ಸಕ್ಕರೆ ಇಲ್ಲದ ಹೊತ್ತಿಗೆ ಬೀಗರು ಬಂದಾಗ ಮಾಡುವ ಪ್ರಾರ್ಥನೆ. ಚರ್ಚಿನ ಸಭೆಯಲ್ಲಿ ಅಯ್ಯನವರ ಪ್ರಸಂಗ ಉದ್ದವಾಗಿ ತೂಕಡಿಕೆ ಬಂದಾಗ ಮಾಡುವ ಪ್ರಾರ್ಥನೆ. ಹೆಂಡತಿ ಮಾತು ಬಿಟ್ಟಾಗ ಮಾಡುವ ಪ್ರಾರ್ಥನೆ. ದೇವರಿಗೆ ಕೇಳುವುದೆಲ್ಲ ಗ್ರಂಥದ ಕನ್ನಡದಲ್ಲೇ ಕೇಳಬೇಕು ಎಂದು ನಂಬಿದ್ದ ಊರಿನಲ್ಲಿ ಇವನು ಕಾಟಾದ ಮುಂದೆ ನಿಂತು ಡ್ರೈವರನ ಜೊತೆ ಮಾತಾಡಿದ ಹಾಗೆ ಕೇಳಿಬಿಟ್ಟಿದ್ದ. ಪುಸ್ತಕಕ್ಕೆ 'ಅಪ್ಪಾ, ಸ್ವಲ್ಪ ಇಲ್ಲಿ ಕೇಳು' ಎಂದು ಹೆಸರಿಟ್ಟ.

ಅಚ್ಚು ಹಾಕಿದ್ದು ಲಗ್ನಪತ್ರಿಕೆಯ ಪ್ರೆಸ್ಸಿನವನು. ಮುಖಪುಟಕ್ಕೆ ಅರಿಶಿನದ ಬಣ್ಣದ ಕಾಗದ. ಯಾರದೋ ಮದುವೆಗೆ ತಂದು ಮಿಕ್ಕದ್ದು. ಪವಿತ್ರಾತ್ಮನ ಗುರುತಿಗೆ ಒಂದು ಪಾರಿವಾಳ ಬೇಕು ಅಂದಾಗ, ಕೊಕ್ಕಿಗೆ ಕೊಕ್ಕು ಹಚ್ಚಿ ಕೂತ ಜೋಡಿ ಪಾರಿವಾಳಗಳ ಚಿತ್ರದಲ್ಲಿ ಒಂದನ್ನು ಕತ್ತರಿಸಿ ಹಾಕಿದ. ಜೋಡಿ ಕಳೆದುಕೊಂಡರೂ ಆ ಪಕ್ಷಿ ಕೊಕ್ಕು ಮುಂದೆ ಚಾಚಿಕೊಂಡೇ ಇತ್ತು. ಮುನ್ನುಡಿ ಬರೆದವಳು ಹೆಂಡತಿ ಸುಗುಣಮ್ಮ: "ಇವರು ಬರೆದದ್ದನ್ನು ನಾನು ಓದಿಲ್ಲ. ಆದರೆ ಇವರು ಬರೆಯುತ್ತಿದ್ದಷ್ಟು ದಿನ ಮನೆಯಲ್ಲಿ ಶಾಂತಿ ಇತ್ತು." ನನಗೆ ತಿಳಿದಂತೆ ಇಷ್ಟು ಪ್ರಾಮಾಣಿಕವಾದ ಮುನ್ನುಡಿ ಬೇರೆ ಯಾವ ಪುಸ್ತಕಕ್ಕೂ ಸಿಕ್ಕಿಲ್ಲ.

ಆದರೆ ಪುಸ್ತಕ ಅಚ್ಚಾದ ಮಾತ್ರಕ್ಕೆ ಪುಸ್ತಕವಾಗುತ್ತದೆಯೆ? ಚರ್ಚಿನ ಗೇಟಿನ ಪಕ್ಕದಲ್ಲಿ ದೀಪಸ್ತಂಭ ಕ್ರೈಸ್ತ ಪುಸ್ತಕ ಮಳಿಗೆ ಇದೆ. ಅಲ್ಲಿ ಒಂದು ಗಾಜಿನ ಕಪಾಟು. ಆ ಕಪಾಟಿನಲ್ಲಿದ್ದರೆ ಅದು ಪುಸ್ತಕ, ಇಲ್ಲದಿದ್ದರೆ ಕಾಗದ. ಹೊಸಪೇಟೆಯಿಂದ ಕಂಪ್ಲಿಯವರೆಗೆ ಕ್ರೈಸ್ತರೆಲ್ಲರ ನಂಬಿಕೆ ಇದು. ಆಶೀರ್ವಾದಪ್ಪನಂತೂ ಚಡ್ಡಿ ಹಾಕುತ್ತಿದ್ದ ಕಾಲದಿಂದ ಆ ಗಾಜಿಗೆ ಮೂಗು ಒತ್ತಿ ನಿಂತವನು. ಅವನ ಜೀವಮಾನದ ಆಸೆ ಒಂದೇ: ಅಲ್ಲಿ ತನ್ನ ಹೆಸರಿನ ಪುಸ್ತಕ ಇರಬೇಕು. ಆಸೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರೆ ಸರಿಹೋಗುತ್ತಿತ್ತು. ಇವನು ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು, ಕೈಕುಲುಕಲು ಬಂದವರಿಗೆಲ್ಲ "ಕ್ರಿಸ್‌ಮಸ್ ಒಳಗ ನನ್ನ ಪುಸ್ತಕ ದೀಪಸ್ತಂಭದಾಗ ನೋಡ್ರಿ" ಎಂದು ಹೇಳಿಬಿಟ್ಟ. ಕೂಸು ಹುಟ್ಟುವ ಮೊದಲೇ ಕುಲಾವಿ.

ಮಳಿಗೆಯ ಒಡೆತನ ಯಾರದೋ, ಆಳ್ವಿಕೆ ಮಾತ್ರ ಎಬಿನೇಜರ್ ಮಾಸ್ತರದು. ಆಶೀರ್ವಾದಪ್ಪನಿಗೆ ಮೂರನೇ ಇಯತ್ತೆಯಲ್ಲಿ ಅಕ್ಷರ ತಿದ್ದಿಸಿದವರು, ಕಿವಿ ಹಿಂಡಿದವರು. ನಿವೃತ್ತಿಯಾದ ಮೇಲೆ ಹಿಂಡಲು ಕಿವಿಗಳಿಲ್ಲದೆ ಮಳಿಗೆಗೆ ಬಂದು ಕೂತಿದ್ದರು. ಅವರ ತಲೆಯ ಮೇಲೆ ಒಂದು ಬೋರ್ಡು: 'ಇಲ್ಲಿ ಪರಿಶೀಲಿಸಿದ ಪುಸ್ತಕಗಳನ್ನು ಮಾತ್ರ ಮಾರಲಾಗುತ್ತದೆ.'

ಆಶೀರ್ವಾದಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿ, ಎರಡೂ ಕೈಯಿಂದ ಪುಸ್ತಕ ಮುಂದಿಟ್ಟ. ಮಾಸ್ತರು ಅದನ್ನು ತೆರೆಯಲಿಲ್ಲ. ಅಂಗೈ ಮೇಲೆ ಇಟ್ಟು ಮೇಲೆ ಕೆಳಗೆ ಆಡಿಸಿದರು.

"ಪ್ರಕಾಶಕರು ಯಾರಲೇ?"

"ನಾನ ಸರ್."

"ಮುನ್ನುಡಿ? ಯಾವ ಅಯ್ಯನವರು ಬರದಾರ?"

"ಸುಗುಣಮ್ಮನವರು ಸರ್."

"ಯಾವ ಸಭೆಯವರು ಅವರು?"

"ನಮ್ಮ ಮನಿಯವರ ಸರ್."

ಮಾಸ್ತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ದೈವಜ್ಞಾನ ಎಲ್ಲಿ ಓದೀ?"

ಆಶೀರ್ವಾದಪ್ಪ ತಲೆ ಕೆರೆದುಕೊಂಡ. "ಓದಿಲ್ಲ ಸರ್. ಕಾಟಾದಾಗ ಕುಂತು ಕುಂತು ಬಂದಿದ್ದು."

"ಲೇ ಆಶೀರ್ವಾದ, ಇಲ್ಲಿ ನೋಡು," ಮಾಸ್ತರು ಗಾಜಿನ ಕಪಾಟು ತೋರಿಸಿದರು. ಒಳಗೆ ಮೂವತ್ತೆರಡೂ ಹಲ್ಲು ಬಿಟ್ಟು ನಗುವ ಪರದೇಶದ ಪಾಸ್ಟರುಗಳು ಸಾಲಾಗಿ ನಿಂತಿದ್ದರು. ಒಬ್ಬೊಬ್ಬರ ಪಕ್ಕದಲ್ಲೂ ಅಷ್ಟೇ ಹಲ್ಲಿನ ಒಬ್ಬೊಬ್ಬ ಹೆಂಡತಿ. "ಇವರೆಲ್ಲ ಸಂಸಾರದ ಬಗ್ಗೆ ಬರದಾರ. ಡಾಕ್ಟರೇಟ್ ಆದವರು. ನಿನ್ನ ಪುಸ್ತಕ ಇವರ ಪಕ್ಕಕ್ಕ ಇಟ್ರ ಇವರು ಏನು ತಿಳ್ಕಂಡಾರು?"

"ಅವರಿಗೆ ಕನ್ನಡ ಬರಾಂಗಿಲ್ಲ ಸರ್."

ಮಾಸ್ತರ ಕೈ ಹಳೆಯ ಅಭ್ಯಾಸದಂತೆ ಕಿವಿಯ ಕಡೆ ಹೊರಟಿತು. ಆಶೀರ್ವಾದಪ್ಪ ಪುಸ್ತಕ ಎತ್ತಿಕೊಂಡು ಹೊರಗೆ ಬಂದ.

"ದೇವರು ವರ ಕೊಟ್ರೂ ಪೂಜಾರಿ ಕೊಡವಲ್ಲ ಅಂತಾರಲ್ಲ, ಅದು ಹಿಂಗ," ಎಂದಳು ಸುಗುಣಮ್ಮ. ಊಟ ಬಡಿಸಿದಳು. ಆಮೇಲೆ ತಡೆಯಲಾರದೆ ಕೇಳಿದಳು: "ನನ್ನ ಮುನ್ನುಡಿಗೆ ಏನಂದ್ರು?"

ಪುಸ್ತಕದ ಕಟ್ಟುಗಳು ಕಾಟಾದ ಕೋಣೆಯ ಮೂಲೆಯಲ್ಲಿ ಕೂತವು. ಕ್ರಿಸ್‌ಮಸ್ ಹತ್ತಿರ ಬರುತ್ತಿತ್ತು. ಸಭೆಯವರು ಎದುರಾದರೆ "ಎಲ್ಲಿ ಬಂತ್ರಿ ಪುಸ್ತಕ?" ಎಂದು ಕೇಳುತ್ತಿದ್ದರು. ಆಶೀರ್ವಾದಪ್ಪ "ಬೈಂಡಿಂಗ್‌ನಾಗ ಐತಿ" ಎಂದು ಹೇಳಿ ಓಣಿ ಬದಲಿಸುತ್ತಿದ್ದ.

ಒಂದು ದಿನ ಪಕ್ಕೀರಪ್ಪ ಲಾರಿ ತೂಗಿಸಲು ಬಂದ. ಒಳ್ಳೆಯ ಡ್ರೈವರ್, ಎಲ್ಲ ದೇವರಿಗೂ ಬೇಕಾದವನು. ಸ್ಟಿಯರಿಂಗಿನ ಮುಂದೆ ಹುಲಿಗೆಮ್ಮ, ಆಂಜನೇಯ, ಒಂದು ದರ್ಗಾದ ಚಿತ್ರ, ನಿಂಬೆಹಣ್ಣು. ಆಶೀರ್ವಾದಪ್ಪನ ಮುಖ ನೋಡಿ ಅವನಿಗೆ ಅಯ್ಯೋ ಅನ್ನಿಸಿತು. "ಒಂದು ಕೊಡ್ರಿ ಗುಮಾಸ್ತರ, ನಿಮ್ಮ ದೇವರೂ ಇರ್ಲಿ ಗಾಡ್ಯಾಗ. ಜಾಗ ಐತಿ," ಎಂದು ಒಂದು ಪುಸ್ತಕ ತೆಗೆದುಕೊಂಡು ಗಾಜಿನ ಹತ್ತಿರ ಇಟ್ಟ. ಅರಿಶಿನದ ರಟ್ಟು, ಕೊಕ್ಕು ಚಾಚಿದ ಪಾರಿವಾಳ ಹೊರಗಿನವರಿಗೆ ಕಾಣುವ ಹಾಗೆ ನಿಂತಿತು.

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ಆಗ ಲಾರಿಗಳಿಗೆ ಪರ್ಮಿಟ್ಟು ಇರುತ್ತಿತ್ತು, ಪರ್ಮಿಟ್ಟಿಗಿಂತ ದೊಡ್ಡದು ಗುರುತು. ಒಬ್ಬ ಗಣಿಯ ದೊಡ್ಡ ಮನುಷ್ಯನ ಲಾರಿಗಳ ಗಾಜಿಗೆ ನವಿಲಿನ ಚೀಟಿ, ಇನ್ನೊಬ್ಬನ ಲಾರಿಗಳಿಗೆ ಕುದುರೆಯ ಚೀಟಿ. ಚೀಟಿ ಕಂಡರೆ ಚೆಕ್‌ಪೋಸ್ಟಿನ ಗೇಟು ತಾನಾಗಿ ಮೇಲೇಳಬೇಕು. ಯಾರ ಪಾರ್ಟಿ ಎಂದು ಕೇಳುವಂತಿಲ್ಲ. ಕೇಳಿದವನು ಮರುವಾರ ಬೀದರದಲ್ಲಿ ಕೆಲಸ ಮಾಡುತ್ತಿರುತ್ತಿದ್ದ.

ಆ ದಾರಿಯ ಒಂದು ಚೆಕ್‌ಪೋಸ್ಟಿನಲ್ಲಿ ಅಂಜಿನಯ್ಯ ಎಂಬ ಕಾವಲುಗಾರ ಕೂತಿದ್ದ. ಪಕ್ಕೀರಪ್ಪನ ಲಾರಿ ಬಂತು. ಗಾಜಿನಲ್ಲಿ ಪಾರಿವಾಳ ಕಂಡಿತು. ನವಿಲು ಗೊತ್ತು, ಕುದುರೆ ಗೊತ್ತು, ಇದ್ಯಾವುದಪ್ಪ ಹೊಸದು? ಬರೀ ಚೀಟಿ ಅಲ್ಲ, ಇಡೀ ಪುಸ್ತಕವನ್ನೇ ಮಾಡಿಸಿದ್ದಾನೆ ಅಂದರೆ ಎಷ್ಟು ದೊಡ್ಡ ಪಾರ್ಟಿ ಇರಬೇಕು! ಅಂಜಿನಯ್ಯನಿಗೆ ಬೀದರ ಕಣ್ಣ ಮುಂದೆ ಬಂತು. ಎದ್ದು ಗೇಟು ಎತ್ತಿ, ಒಂದು ನಮಸ್ಕಾರವನ್ನೂ ಹೊಡೆದ.

ಪಕ್ಕೀರಪ್ಪ ಮರುದಿನ ತೆಂಗಿನಕಾಯಿ ಹಿಡಿದುಕೊಂಡೇ ಕಾಟಾಕ್ಕೆ ಬಂದ. "ಏನ್ ಪವರ್‌ಫುಲ್ ಅದಾನ್ರಿ ನಿಮ್ಮ ದೇವರು! ಕಾಯಂ ತಾಸುಗಟ್ಲೆ ನಿಲ್ಲಿಸ್ತಿದ್ದ ಮಗ, ಎದ್ದು ನಮಸ್ಕಾರ ಮಾಡ್ಯಾನ! ಎಲ್ಲಿ ಒಡೀಲ್ರಿ ಕಾಯಿ?"

ಆಶೀರ್ವಾದಪ್ಪನಿಗೆ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು. ತನ್ನ ಬರವಣಿಗೆ ಚೆಕ್‌ಪೋಸ್ಟಿನವನ ಕಲ್ಲೆದೆಯನ್ನು ಕರಗಿಸಿದೆ! ಯಾವ ಪ್ರಾರ್ಥನೆ ಇರಬಹುದು? ಬೈಕಿನದೋ, ಬೀಗರದೋ? ಅವನು ಕೇಳುವುದರೊಳಗೆ ಪಕ್ಕೀರಪ್ಪ ಮಾತು ನಾಲ್ಕು ಕಡೆ ಹಬ್ಬಿಸಿದ್ದ. ಮಧ್ಯಾಹ್ನಕ್ಕೆ ಕಾಟಾದ ಮುಂದೆ ಡ್ರೈವರುಗಳು ಮುಗಿಬಿದ್ದರು.

"ಗುಮಾಸ್ತರ, ಪಾರಿವಾಳದ್ದು ಒಂದು ಕೊಡ್ರಿ!"

"ಅಣ್ಣಾ, ನನಗ ಎರಡು, ನಮ್ಮ ತಮ್ಮನ ಗಾಡಿಗೊಂದು!"

ಕೊಟ್ಟು ಕೈ ತೊಳೆದುಕೊಂಡಿದ್ದರೆ ಇಷ್ಟೆಲ್ಲ ನಡೆಯುತ್ತಿರಲಿಲ್ಲ. ಆಶೀರ್ವಾದಪ್ಪನ ತಲೆಗೆ ಒಂದು ಯುಕ್ತಿ ಹೊಳೆಯಿತು. ಕೈ ಮೇಲೆತ್ತಿ, ಗಂಭೀರವಾಗಿ ಹೇಳಿದ: "ಇಲ್ಲಿ ಮಾರಾಂಗಿಲ್ಲ. ಚರ್ಚಿನ ಗೇಟಿನ ಪಕ್ಕಕ್ಕ ದೀಪಸ್ತಂಭ ಮಳಿಗಿ ಐತಿ. ಅಲ್ಲಿ ಮಾಸ್ತರ್ನ ಕೇಳ್ರಿ."

ಮಳಿಗೆಗೆ ವಾರಕ್ಕೆ ನಾಲ್ಕು ಜನ ಬಂದರೆ ಹೆಚ್ಚು. ಅಂದು ಸಂಜೆ ಲಾರಿಗಳೇ ಬಂದವು. ಚರ್ಚಿನ ಗೇಟಿನಿಂದ ಬಸ್‌ಸ್ಟ್ಯಾಂಡಿನ ತಿರುವಿನವರೆಗೆ ಸಾಲು. ಪಾಯಿಜಾಮದವರು, ಲುಂಗಿಯವರು, ಹಣೆಗೆ ಭಂಡಾರ ಹಚ್ಚಿದವರು, ಕುತ್ತಿಗೆಗೆ ತಾಯತ ಕಟ್ಟಿದವರು, ಎಲ್ಲರೂ ಮೈತುಂಬ ಕೆಂಪು ಧೂಳು ಹೊತ್ತು ಒಳಗೆ ನುಗ್ಗಿದರು.

"ಪಾರಿವಾಳ ಕೊಡ್ರಿ!"

"ಇದು ಪುಸ್ತಕದ ಅಂಗಡಿ," ಎಂದರು ಮಾಸ್ತರು ಮೇಜಿನ ಹಿಂದೆ ಸರಿಯುತ್ತ.

"ಪುಸ್ತಕನ ಬೇಕ್ರಿ! ಗುಮಾಸ್ತ ಆಶೀರ್ವಾದಪ್ಪಂದು!"

ಮಾಸ್ತರು ಗಾಜಿನ ಕಪಾಟಿನಿಂದ ಒಬ್ಬ ಪರದೇಶದ ಪಾಸ್ಟರನ್ನು ತೆಗೆದು ತೋರಿಸಿದರು. ಡ್ರೈವರೊಬ್ಬ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಈ ಹಲ್ಲಿನಾತ ನಡ್ಯಾಂಗಿಲ್ರಿ. ಪಾರಿವಾಳನ ಬೇಕು."

ಸಭೆಯಲ್ಲಿ ಸುದ್ದಿಯೋ ಸುದ್ದಿ. ಕೆಲವರು ಇದು ಉಜ್ಜೀವನವೇ, ಊರೆಲ್ಲ ದೇವರ ಕಡೆ ತಿರುಗಿತು ಎಂದು ಕಣ್ಣೊರೆಸಿಕೊಂಡರು. ಚಿತ್ತವಾಡ್ಗಿಯ ನಳದ ಹತ್ತಿರ ಸರಸ್ವತೀಬಾಯಿ "ಬರೀರಿ ಅಂತ ಮೊದಲು ಹೇಳಿದಾಕಿ ನಾನು" ಎಂದು ಸಾಲು ಮುರಿದು ಮುಂದೆ ಹೋಗಿ ಕೊಡ ಇಟ್ಟರು. ಯಾರೂ ತಕರಾರು ಮಾಡಲಿಲ್ಲ. ಸುಗುಣಮ್ಮ ಗಂಡನಿಗೆ ದೊಡ್ಡ ಲೋಟದಲ್ಲಿ ಚಹಾ ಕೊಡಲು ಶುರುಮಾಡಿದಳು.

ಅದರ ಮಾರನೆಯ ದಿನ ಎಬಿನೇಜರ್ ಮಾಸ್ತರು ಖುದ್ದಾಗಿ ಚಿತ್ತವಾಡ್ಗಿಗೆ ಬಂದರು. ಆಟೋದಿಂದ ಇಳಿದು, ಛತ್ರಿ ಮಡಚಿ, ಹೊಸ್ತಿಲಲ್ಲಿ ನಿಂತರು.

"ಬರ್ರಿ ಸರ್, ಕುಂದ್ರಿ," ಎಂದ ಆಶೀರ್ವಾದಪ್ಪ. ಇಷ್ಟು ಸಣ್ಣ ಮಾತನ್ನು ಇಷ್ಟು ಸುಖದಿಂದ ಯಾರೂ ಆಡಿರಲಿಕ್ಕಿಲ್ಲ.

"ಕುಂದ್ರಾಕ ಬಂದಿಲ್ಲ. ನಿನ್ನ ಪುಸ್ತಕ ಒಂದು ಕಟ್ಟು ಕಳಿಸು. ಕೌಂಟರ್ ಕೆಳಗ ಇಟ್ಟು, ಕೇಳಿದವರಿಗೆ ಕೊಡ್ತೀನಿ. ಇಲ್ಲಾಂದ್ರ ನನ್ನ ಅಂಗಡಿ ಬಾಗಲ ಕಿತ್ತು ಒಯ್ತಾರ ಅವರು."

"ಕೌಂಟರ್ ಕೆಳಗ ಇಡಾಕ ಅದೇನು ಸಾರಾಯಿ ಏನ್ರಿ ಸರ್?" ಒಳಗಿನಿಂದ ಸುಗುಣಮ್ಮನ ಧ್ವನಿ ಬಂತು. "ಗಾಜಿನ ಕಪಾಟಿನಾಗ ಇಡ್ತೀನಂದ್ರ ಕೊಡ್ತಾರ, ಇಲ್ಲಾಂದ್ರ ಇಲ್ಲ."

ಮಾಸ್ತರು ಆಶೀರ್ವಾದಪ್ಪನ ಮುಖ ನೋಡಿದರು. ಆಶೀರ್ವಾದಪ್ಪ ಸೂರಿನ ಕಡೆ ನೋಡಿದ. ಕೊನೆಗೆ ಮಾಸ್ತರು ಒಪ್ಪಿದರು. ಪರದೇಶದ ಪಾಸ್ಟರುಗಳು ಹೆಂಡಿರ ಸಮೇತ ಕೆಳಗಿನ ಹಲಗೆಗೆ ಇಳಿದರು, ಪಾರಿವಾಳ ಮೇಲೇರಿತು. ಅಂದು ಸಂಜೆ ಆಶೀರ್ವಾದಪ್ಪ ಗಾಜಿನ ಮುಂದೆ ನಿಂತು ತನ್ನ ಹೆಸರನ್ನು ನೋಡಿದ. ಕಣ್ಣು ಮಂಜಾಯಿತು. ಕೆಲಸ ಬಿಟ್ಟ ಮೇಲೆ ದಿನವೂ ಹೋಗಿ ನೋಡುವುದು ರೂಢಿಯಾಯಿತು.

ಆದರೆ ಸುಖಕ್ಕೂ ಒಂದು ಹುಳ ಬೀಳಬೇಕಲ್ಲ! ಕಂಪ್ಲಿಯ ಕಡೆಯಿಂದ ಕೊಟ್ರಯ್ಯ ಬಂದ. ಮೆಟ್ರಿ ಹಳ್ಳಿಯಲ್ಲಿ ಭತ್ತ ಬೆಳೆದು, ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸಿ, ಈಗ ಲಾರಿಗಳನ್ನು ಇಟ್ಟಿದ್ದ ಸಾಹುಕಾರ. ಸೀದಾ ಕಾಟಾಕ್ಕೆ ಬಂದು ಕುರ್ಚಿ ಎಳೆದುಕೊಂಡ.

"ಗುಮಾಸ್ತರ, ನನ್ನ ಅಷ್ಟೂ ಗಾಡಿಗೆ ಬೇಕು. ಆದ್ರ ಒಳಗಿನ ಹಾಳಿ ಬ್ಯಾಡ. ಬರೀ ರಟ್ಟು ಕೊಡ್ರಿ."

"ಒಳಗ ಅಲ್ಲೇನ್ರಿ ಪ್ರಾರ್ಥನಿ ಇರೋದು?"

"ಇರ್ಲಿ ಬಿಡ್ರಿ ಪಾಪ. ಪಾರಿವಾಳ ಮಾತ್ರ ಇನ್ನ ಸ್ವಲ್ಪ ದೊಡ್ಡದಾಗಲಿ. ಬೆಳಗಿನ ಮಂಜಿನಾಗ ಕಾಣವಲ್ದಂತ."

ಆಶೀರ್ವಾದಪ್ಪ ತೂಕ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟ. ಅಷ್ಟು ಹೊತ್ತಿಗೆ ಪಕ್ಕೀರಪ್ಪನ ಲಾರಿ ಬಂತು. ಇವನು ಓಡಿಹೋಗಿ ಕ್ಯಾಬಿನ್ ಹತ್ತಿದ. "ಪಕ್ಕೀರಪ್ಪ, ಖರೇ ಹೇಳು. ಯಾವ ಪ್ರಾರ್ಥನಿ ನಿನಗ ಹಿಡಿಸ್ತು?"

"ಎಲ್ಲಾ ಮಸ್ತ್ ಇರ್ತಾವ್ರಿ."

"ಇರ್ತಾವ ಅಂದ್ರ? ಓದಿಲ್ಲೇನು?"

ಪಕ್ಕೀರಪ್ಪ ಪುಸ್ತಕವನ್ನು ಎತ್ತಿ ತೋರಿಸಿದ. ಪ್ರೆಸ್ಸಿನವನು ಹಾಕಿದ ಪ್ಲಾಸ್ಟಿಕ್ ಕವರ್ ಹಾಗೇ ಇತ್ತು, ಮೇಲೆ ದಾರವನ್ನೂ ಸುತ್ತಿದ್ದ. "ಬಿಚ್ಚಿದ್ರ ಧೂಳು ಬಿದ್ದು ಪವರ್ ಹೋಗ್ತೈತಲ್ರಿ! ಮತ್ತ ನಾ ಅಷ್ಟು ಹುಚ್ಚ ಏನು?"

ಆಶೀರ್ವಾದಪ್ಪ ಕೆಳಗಿಳಿದ. ಊರ ತುಂಬ ಪುಸ್ತಕ, ಓದಿದವನು ಒಬ್ಬನೂ ಇಲ್ಲ. ಹಸಿದವನಿಗೆ ಅನ್ನದ ಚಿತ್ರ ತೋರಿಸಿದ ಹಾಗಾಯಿತು. ಆ ರಾತ್ರಿ ದೊಡ್ಡ ಲೋಟದ ಚಹಾ ಆರಿಹೋಯಿತು, ಕುಡಿಯಲಿಲ್ಲ. ಆದರೂ ಒಂದು ಸಮಾಧಾನ ಉಳಿದಿತ್ತು: ಕಪಾಟಿನಲ್ಲಂತೂ ಇದೆ. ಮಾಸ್ತರಂಥ ಮಾಸ್ತರು ಇಟ್ಟಿದ್ದಾರೆ, ಅವರು ಪರಿಶೀಲಿಸದೆ ಇಡುತ್ತಾರೆಯೆ?

ಮೇಲಿನ ಕಚೇರಿಯಿಂದ ಹೊಸದಾಗಿ ಬಂದ ಅಧಿಕಾರಿ ಹಾಲಸ್ವಾಮಿ ಕಟ್ಟುನಿಟ್ಟಿನ ಮನುಷ್ಯ ಎಂದು ಹೆಸರಾಗಿದ್ದ. ನವಿಲು, ಕುದುರೆಗಳ ಬೆನ್ನು ಹತ್ತಿದ್ದವನಿಗೆ ಚೆಕ್‌ಪೋಸ್ಟಿನಲ್ಲಿ ಪಾರಿವಾಳ ಸಿಕ್ಕಿತು. "ಯಾರದಲೇ ಇದು?" ಎಂದರೆ ಅಂಜಿನಯ್ಯ "ಭಾಳ ದೊಡ್ಡ ಪಾರ್ಟಿ ಸಾಹೇಬ್ರ, ಹೆಸರು ಹೇಳಂಗಿಲ್ಲ" ಎಂದ. ಗೊತ್ತಿದ್ದರಲ್ಲವೆ ಹೇಳುವುದು? ಡ್ರೈವರುಗಳನ್ನು ಕೇಳಿದರೆ ಎಲ್ಲರೂ ಒಂದೇ ವಿಳಾಸ ಕೊಟ್ಟರು. ಹೀಗಾಗಿ ಒಂದು ಸಂಜೆ ದೀಪಸ್ತಂಭದ ಮುಂದೆ ಸರ್ಕಾರಿ ಜೀಪು ನಿಂತಿತು. ಆಶೀರ್ವಾದಪ್ಪ ಗಾಜಿನ ಮುಂದೆ ನಿಂತಿದ್ದ ಹೊತ್ತು ಅದು.

ಹಾಲಸ್ವಾಮಿ ಒಳಗೆ ಬಂದವನೇ ಕಪಾಟಿನ ಕಡೆ ಕೈ ತೋರಿಸಿದ. "ಪಾರಿವಾಳದ ಪಾರ್ಟಿ ಯಾರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುತ್ತಾರೆ ಅಂತಾರೆ. ಎಬಿನೇಜರ್ ಮಾಸ್ತರು ಕದಿಯದೆಯೇ ಎರಡೂ ಹೆಗಲು ಮುಟ್ಟಿಕೊಂಡರು. "ನಾನಲ್ಲ! ಇವನು! ಇವನ ಬರದಾನ!"

"ನಿಮ್ಮ ಹೆಸರಿಲೆ ಎಷ್ಟು ಗಾಡಿ ಅದಾವ?" ಹಾಲಸ್ವಾಮಿ ಆಶೀರ್ವಾದಪ್ಪನ ಕಡೆ ತಿರುಗಿದ.

"ಒಂದು ಸೈಕಲ್ ಐತ್ರಿ. ಬೈಕು ನಮ್ಮ ಮಾವನವರದು."

"ಇದರ ಹಿಂದ ಯಾರದಾರ, ಖರೇ ಹೇಳ್ರಿ."

"ಹಿಂದ ಯಾರೂ ಇಲ್ರಿ ಸಾಹೇಬ್ರ. ಮುಂದ ನನ್ನ ಹೆಂಡ್ತಿ ಅದಾಳ. ಮುನ್ನುಡಿ ಆಕಿದು."

ಹಾಲಸ್ವಾಮಿ ತಮಾಷೆ ಮಾಡಿಸಿಕೊಳ್ಳುವವನಲ್ಲ. ಮಾಸ್ತರ ತಲೆಯ ಮೇಲಿನ ಬೋರ್ಡನ್ನು ಗಟ್ಟಿಯಾಗಿ ಓದಿದ. "ಪರಿಶೀಲಿಸಿದ ಪುಸ್ತಕ ಮಾತ್ರ. ಅಂದ ಮ್ಯಾಲೆ ನೀವು ಓದೀರಿ. ಏನೈತಿ ಇದರಾಗ? ಲಾರಿ ನಂಬರೋ, ಪ್ರಾರ್ಥನೆಯೋ?"

ಮಾಸ್ತರು ಕಪಾಟಿನ ಪಾರಿವಾಳವನ್ನು ಈಗಲೇ ಮೊದಲ ಸಲ ಕಂಡವರ ಹಾಗೆ ನೋಡಿದರು.

ಆಶೀರ್ವಾದಪ್ಪನಿಗೆ ಆಗ ತಿಳಿಯಿತು: ಇವರೂ ಓದಿಲ್ಲ. ಸರ್ಕಾರ ಹಿಡಿದು ಒಳಗೆ ಹಾಕುತ್ತದೆ ಎಂಬ ಭಯಕ್ಕಿಂತ ಈ ಸಂಗತಿಯೇ ಅವನನ್ನು ಹೆಚ್ಚು ಸುಟ್ಟಿತು. "ಓದಿಲ್ಲೇನ್ರಿ ಸರ್?" ಎಂದ. ಧ್ವನಿ ಮೂರನೇ ಇಯತ್ತೆಯ ಹುಡುಗನದಾಗಿತ್ತು.

"ಪ್ರಾರ್ಥನೆ! ಶುದ್ಧ ಪ್ರಾರ್ಥನಾ ಪುಸ್ತಕ ಸಾಹೇಬ್ರ!" ಎಂದು ಮಾಸ್ತರು ಕೂಗಿದರು. ಜೀವ ಉಳಿಸಿಕೊಳ್ಳಬೇಕಿತ್ತಲ್ಲ. "ಬಹಳ ಆಳವಾದದ್ದು! ನಾನು... ನಾನು ಓದಿ ತೋರಿಸ್ತೀನಿ!"

ಹಾಲಸ್ವಾಮಿ ಒಂದು ಪ್ರತಿ ತೆಗೆದು, ನಡುವೆ ಎಲ್ಲೋ ಬಿಡಿಸಿ ಕೈಗೆ ಕೊಟ್ಟ. ಮಾಸ್ತರು ಕನ್ನಡಕ ಏರಿಸಿ, ಶಾಲೆಯಲ್ಲಿ ಪಾಠ ಓದುವ ರಾಗದಲ್ಲಿ ಶುರುಮಾಡಿದರು:

"ಹೆಂಡತಿ ಮಾತು ಬಿಟ್ಟಾಗ. ಅಪ್ಪಾ, ಆಕಿ ಮಾತು ಬಿಟ್ಟಾಳ. ತಪ್ಪು ನಂದ ಅಂತ ನನಗೂ ಗೊತ್ತು, ನಿನಗೂ ಗೊತ್ತು, ಆಕಿಗಂತೂ ಮೊದಲ ಗೊತ್ತು. ಆದ್ರ ಹೇಳಾಕ ನಾಲಿಗಿ ಏಳವಲ್ದು. ಆಕಿ ತಾಟು ಕುಕ್ಕೋ ಸಪ್ಪಳದಾಗ ಏನು ಹೇಳಾಕತ್ತಾಳ ಅನ್ನೋದು ತಿಳಿಯೋ ಅಷ್ಟು ಬುದ್ಧಿ ಕೊಡು. ಆಕಿಕಿಂತ ಮೊದಲು ನಾ ಮಾತಾಡಂಗ ಮಾಡು..."

ರಾಗ ಎಲ್ಲೋ ತಪ್ಪಿಹೋಯಿತು. ಮಾಸ್ತರು ನಿಧಾನವಾದರು. ಆಮೇಲಿನ ಸಾಲನ್ನು ಮನೆಯ ಮನುಷ್ಯ ಮಾತಾಡಿದ ಹಾಗೆ ಓದಿದರು:

"ಮಾತಾಡಿದ ಮ್ಯಾಲೆ, ಆಕಿ ಹೇಳೋದು ಮುಗಿಯೋತನ ಬಾಯಿ ಮುಚ್ಚಿಕೊಂಡು ಇರಂಗ ಮಾಡು. ಆಮೇನ್."

ಜೀಪಿನ ಡ್ರೈವರ್ ಬಾಗಿಲಲ್ಲಿ ನಿಂತು "ಆಮೇನ್" ಎಂದ. ಅವನು ಶುದ್ಧ ವೀರಶೈವ. ಹಾಲಸ್ವಾಮಿ ಗಂಟಲು ಸರಿಮಾಡಿಕೊಂಡ. ಇದು ಅದಿರಿನ ಗುರುತಾಗಲು ಸಾಧ್ಯವೇ ಇಲ್ಲ, ಇಷ್ಟು ಖರೆ ಮಾತು ಬರೆದವನು ಗಣಿ ನಡೆಸಲಾರ ಎಂದು ಅವನಿಗೆ ಖಾತ್ರಿಯಾಗಿತ್ತು. "ತಪ್ಪು ಆ ಅಂಜಿನಯ್ಯಂದು," ಎಂದ. "ನಾಳಿಂದ ಯಾವ ಪಕ್ಷಿಗೂ ಗೇಟು ಏಳಂಗಿಲ್ಲ." ಹೊರಟು ಹೋದ.

ಗೇಟು ಏಳಲಿಲ್ಲ. ಎರಡೇ ದಿನದಲ್ಲಿ ಡ್ರೈವರುಗಳು ಬಂದಷ್ಟೇ ಜೋರಾಗಿ ಮರಳಿ ಬಂದರು. ಮಳಿಗೆಯ ಮೆಟ್ಟಿಲ ಮೇಲೆ ಪಾರಿವಾಳಗಳ ರಾಶಿ ಬಿತ್ತು, ಪ್ಲಾಸ್ಟಿಕ್ ಕವರಿನ ಮೇಲೆ ಕೆಂಪು ಧೂಳು ಕುಳಿತು. ಪಕ್ಕೀರಪ್ಪ ಮಾತ್ರ ಒಳ್ಳೆಯ ಮಾತಾಡಿ ಇಟ್ಟುಹೋದ. "ಬ್ಯಾಸರ ಮಾಡ್ಕೋಬ್ಯಾಡ್ರಿ ಗುಮಾಸ್ತರ. ನಿಮ್ಮ ದೇವರ ಚಾರ್ಜು ಇಳದೈತಿ. ನಮ್ಮ ಹುಲಿಗೆಮ್ಮಗೂ ಒಮ್ಮೊಮ್ಮೆ ಹಿಂಗಾಗ್ತೈತಿ."

ಕ್ರಿಸ್‌ಮಸ್ ಇನ್ನೇನು ಬಂದೇಬಿಟ್ಟಿತ್ತು. ಆಶೀರ್ವಾದಪ್ಪ ಒಂದು ಗೋಣಿಚೀಲ ತಂದು, ಮೆಟ್ಟಿಲ ಮೇಲೆ ಕುಕ್ಕರುಗಾಲಲ್ಲಿ ಕೂತು, ಒಂದೊಂದೇ ಪುಸ್ತಕ ಒಳಗೆ ಹಾಕತೊಡಗಿದ. ಕೇಳುವವರೇ ಇಲ್ಲವಾದ ಮೇಲೆ ಮಾಸ್ತರು ಕಪಾಟಿನಲ್ಲಿ ಯಾಕೆ ಇಟ್ಟುಕೊಂಡಾರು? ಅವರು ಬಾಯಿಬಿಟ್ಟು ಹೇಳುವ ಮೊದಲೇ ಒಯ್ಯುವುದು ವಾಸಿ. ಅಳು ಬಂದು ಮೂಗಿನಲ್ಲಿ ಕೂತಿತ್ತು, ಧೂಳಿನ ನೆಪ ಮಾಡಿ ಒರೆಸಿಕೊಂಡ.

"ಎಲ್ಲಿಗೆ ಒಯ್ತೀರಿ?"

ಎಬಿನೇಜರ್ ಮಾಸ್ತರು ಹಿಂದೆ ನಿಂತಿದ್ದರು. ಆಶೀರ್ವಾದಪ್ಪ ಮೊದಲು ತನ್ನ ಪಕ್ಕದಲ್ಲಿ ಬೇರೆ ಯಾರಾದರೂ ಇದ್ದಾರೆಯೇ ಎಂದು ನೋಡಿದ. ಜೀವಮಾನದಲ್ಲಿ ಮಾಸ್ತರು ತನಗೆ 'ಲೇ' ಬಿಟ್ಟು 'ರಿ' ಹಚ್ಚಿದ್ದು ಇದೇ ಮೊದಲು.

"ಮನಿಗೆ ಸರ್."

"ಒಳಗ ತರ್ರಿ."

ಮಾಸ್ತರು ಹೆಗಲ ಮೇಲಿನ ಟವೆಲ್ಲಿನಿಂದ ಒಂದೊಂದರ ಧೂಳು ಒರೆಸಿ, ಪ್ಲಾಸ್ಟಿಕ್ ಕವರ್ ಕಿತ್ತು ಬುಟ್ಟಿಗೆ ಹಾಕಿ, ಗಾಜಿನ ಕಪಾಟಿನ ಮೇಲಿನ ಹಲಗೆಯಲ್ಲಿ ಜೋಡಿಸಿದರು. ಆಶೀರ್ವಾದಪ್ಪನಿಗೆ ಇದು ಕನಸೋ ನನಸೋ ತಿಳಿಯಲಿಲ್ಲ. ಮುಗಿದ ಮೇಲೆ ಮಾಸ್ತರು ಹೊರಗೆ ಇಣುಕಿ, ಯಾರೂ ಬರುತ್ತಿಲ್ಲ ಎಂದು ನೋಡಿ, ಬಾಗಿಲನ್ನು ಅರ್ಧ ಮುಚ್ಚಿದರು.

"ಒಂದು ತಕರಾರು ಐತಿ."

ಆಶೀರ್ವಾದಪ್ಪ ಗೋಣಿಚೀಲವನ್ನು ಮತ್ತೆ ಕೈಗೆತ್ತಿಕೊಂಡ. ಬಂತಪ್ಪ, ಪ್ರಕಾಶಕರು, ಮುನ್ನುಡಿ, ದೈವಜ್ಞಾನ! "ಏನ್ರಿ ಸರ್?"

"ಆ ಹೆಂಡ್ತಿ ಮಾತು ಬಿಟ್ಟಾಗಿನ ಪ್ರಾರ್ಥನಿ..." ಮಾಸ್ತರು ಟವೆಲ್ಲಿನಿಂದ ಕತ್ತು ಒರೆಸಿಕೊಂಡರು. ದನಿ ತಗ್ಗಿಸಿದರು. "ಭಾಳ ಸಣ್ಣದಾತು. ಮೊನ್ನೆಯಿಂದ ಮಾಡಾಕತ್ತೀನಿ. ನಾ ಆಮೇನ್ ಅಂದ್ರೂ ಆಕಿ ಬೈಯೋದು ಇನ್ನೂ ಅರ್ಧಕ್ಕ ಬಂದಿರಂಗಿಲ್ಲ. ನಮ್ಮಂಥ ಹಳೇ ಸಂಸಾರಕ್ಕ ಸಾಲಂಗಿಲ್ಲ. ಇನ್ನೊಂದು ಪುಟ ಬರೀರಿ."

ತಾನು ಬರೆದದ್ದನ್ನು ಒಬ್ಬ ಮನುಷ್ಯ ಓದಿದ್ದಾನೆ, ಓದಿ ಸಾಲದು ಅನ್ನುತ್ತಿದ್ದಾನೆ! ಆಶೀರ್ವಾದಪ್ಪ ಗೋಣಿಚೀಲ ಪಕ್ಕಕ್ಕೆ ಸರಿಸಿ ಮಾಸ್ತರ ಎದುರಿನ ಕುರ್ಚಿಯಲ್ಲಿ, ಕೇಳದೆಯೇ, ಕುಳಿತ. ಕಿಸೆಯಿಂದ ಪೆನ್ನು ತೆಗೆದ.

"ಬರೀತೀನಿ ಸರ್," ಎಂದ. "ಮೊದಲು ನೀವೇನು ಮಾಡೀರಿ, ಅದನ್ನ ಹೇಳ್ರಿ."